ಬಯಾಸ್ ಅಪ್‌ಡೇಟ್ ಆದ ಮೇಲೆ ರೈಡ್ ಅರೇ ಕಾಣ್ತಿಲ್ಲ, ಏನು ಮಾಡಲಿ?

ಎರಡು 4 ಟಿಬಿ ಹಾರ್ಡ್ ಡಿಸ್ಕ್ ಹಾಕಿ ಮದರ್‌ಬೋರ್ಡ್‌ನಲ್ಲೇ ರೈಡ್ 1 ಅರೇ ಮಾಡಿದ್ದೆ (ಎರಡೂ ಸೇರಿ ಒಂದೇ ಡ್ರೈವ್‌ನಂತೆ ಕಾಣುತ್ತವೆ, ಎರಡರಲ್ಲೂ ಅದೇ ಡೇಟಾ). ಇಂಟೆಲ್ ಬೋರ್ಡ್. ವಿಂಡೋಸ್ ಬೇರೆ ಎನ್‌ವಿಎಂಇ ಡ್ರೈವ್‌ನಲ್ಲಿದೆ. ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಅರೇ ಇಲ್ಲ, ಎರಡು ಡಿಸ್ಕ್ ಬೇರೆ ಬೇರೆಯಾಗಿ ಕಾಣುತ್ತಿವೆ. ಮತ್ತೆ ಕ್ರಿಯೇಟ್ ಮಾಡಬೇಕಾ? ಅನುಭವ ಇದ್ದವರು ಹೇಳಿ.

*

ಕ್ರಿಯೇಟ್ ಬೇಡವೇ ಬೇಡ! ಇನಿಶಿಯಲೈಸ್ ಅಂತ ಕೇಳಿದರೂ ಒತ್ತಬೇಡಿ. ಅರೇಯ ಮಾಹಿತಿ ಇರುವುದು ಡಿಸ್ಕ್‌ಗಳ ಕೊನೆಯಲ್ಲಿ. ಬೋರ್ಡ್ ಅದನ್ನು ಓದುತ್ತದೆ, ಅಷ್ಟೇ. ಅಪ್‌ಡೇಟ್ ಆದಾಗ ಸೆಟ್ಟಿಂಗ್ ಡೀಫಾಲ್ಟ್‌ಗೆ ಹೋಗಿ, ಸಾಟಾ ಮೋಡ್ ರೈಡ್‌ನಿಂದ ಎಎಚ್‌ಸಿಐಗೆ (ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಮೋಡ್) ಬಂದಿರುತ್ತದೆ. ಸಿಮಾಸ್ ಬ್ಯಾಟರಿ (ಬಯಾಸ್ ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ) ಸತ್ತಾಗ ನನಗೂ ಹೀಗೇ ಆಗಿತ್ತು. ಬಯಾಸ್‌ಗೆ ಹೋಗಿ ಮೋಡ್ ವಾಪಸ್ ರೈಡ್ ಮಾಡಿ. ಹೊಸ ಬೋರ್ಡ್ ಆದರೆ ವಿಎಂಡಿ ಅನ್ನುವ (ಇಂಟೆಲ್‌ನ ಡ್ರೈವ್ ನಿರ್ವಹಣೆಯ) ಆಯ್ಕೆಯೂ ಮೊದಲಿನಂತೆಯೇ ಇದೆಯಾ ನೋಡಿ.

ಅಲ್ಲಿಯವರೆಗೆ ವಿಂಡೋಸ್ ಬೂಟ್ ಮಾಡಬೇಡಿ. ರೈಡ್ 1ರಲ್ಲಿ ಒಂದೊಂದು ಡಿಸ್ಕ್ ಕೂಡ ಮಾಮೂಲಿ ಡಿಸ್ಕ್‌ನಂತೆ ತೆರೆದುಕೊಳ್ಳಬಹುದು. ಒಂದರ ಮೇಲೆ ಮಾತ್ರ ಏನಾದರೂ ಬರೆದರೆ ಎರಡು ಪ್ರತಿ ಬೇರೆ ಬೇರೆ ಆಗುತ್ತವೆ. ಅದು ಕಂಟ್ರೋಲರ್‌ಗೆ ಗೊತ್ತೇ ಆಗುವುದಿಲ್ಲ.

*

ಅರೇ ವಾಪಸ್ ಬಂದು "ಡಿಗ್ರೇಡೆಡ್" (ಒಂದು ಡಿಸ್ಕ್ ಅರೇಯಿಂದ ಹೊರಗಿದೆ) ಅಂತ ತೋರಿಸಿದರೆ ಗಾಬರಿ ಬೇಡ. ಡಿಸ್ಕ್ ತೆಗೆಯುವ ಮುಂಚೆ ಸೀರಿಯಲ್ ನಂಬರ್ ನೋಡಿ. ಪೋರ್ಟ್ ನಂಬರ್ ನಂಬಬೇಡಿ, ಬೋರ್ಡ್ ಮೇಲೆ ಅಚ್ಚಾಗಿರುವುದಕ್ಕೂ ಸಾಫ್ಟ್‌ವೇರ್ ತೋರಿಸುವುದಕ್ಕೂ ತಾಳೆ ಆಗದೇ ಇರಬಹುದು. ಚೆನ್ನಾಗಿರುವ ಡಿಸ್ಕನ್ನೇ ಕಿತ್ತು ಹಾಕಿದವರಿದ್ದಾರೆ. ನಾನು ಸೀರಿಯಲ್ಲಿನ ಕೊನೆಯ 4 ಅಕ್ಷರ ಬರೆದು ಕೇಬಲ್‌ಗೆ ಚೀಟಿ ಅಂಟಿಸಿದ್ದೇನೆ.

ರೀಬಿಲ್ಡ್‌ಗೆ (ಡೇಟಾವನ್ನು ಇನ್ನೊಂದು ಡಿಸ್ಕ್‌ಗೆ ಪೂರ್ತಿ ನಕಲು ಮಾಡುವುದಕ್ಕೆ) ತಾಳ್ಮೆ ಬೇಕು. ಸೆಕೆಂಡಿಗೆ 150 ಎಂಬಿ ಲೆಕ್ಕ ಹಿಡಿದರೂ 4 ಟಿಬಿಗೆ ಏಳು ಗಂಟೆ ದಾಟುತ್ತದೆ. ಆ ಹೊತ್ತಲ್ಲಿ ಕಂಪ್ಯೂಟರ್ ಬಳಸಿದರೆ ಇನ್ನೂ ಜಾಸ್ತಿ. ಬದಲಿಗೆ ಕೊಳ್ಳುವ ಡಿಸ್ಕ್ ಎಸ್‌ಎಂಆರ್ (ಸತತವಾಗಿ ಬರೆಯುವಾಗ ತುಂಬಾ ನಿಧಾನವಾಗುವ ಬಗೆ) ಆಗಿದ್ದರಂತೂ ಕೇಳಲೇಬೇಡಿ.

*

ನಾನು ಬೋರ್ಡ್ ರೈಡ್ ಬಿಟ್ಟೇ ಬಿಟ್ಟೆ. ಹೆಸರಿಗೆ ಮದರ್‌ಬೋರ್ಡ್ ರೈಡ್, ಕೆಲಸವೆಲ್ಲ ಮಾಡುವುದು ಸಿಪಿಯು ಮತ್ತು ಡ್ರೈವರ್. ಹಾಗಿದ್ದ ಮೇಲೆ ಲಿನಕ್ಸ್‌ನಲ್ಲೇ ಸಾಫ್ಟ್‌ವೇರ್ ರೈಡ್ ಮಾಡುವ ಎಂಡಿಅಡ್ಮ್ ಸಾಕಲ್ವಾ? ಬೋರ್ಡ್ ಸತ್ತರೆ ಡಿಸ್ಕ್‌ಗಳನ್ನು ಬೇರೆ ಯಾವ ಬೋರ್ಡ್‌ಗಾದರೂ ಹಾಕಬಹುದು. ಇಂಟೆಲ್ ಅರೇಯನ್ನು ಎಎಂಡಿ ಬೋರ್ಡ್ ಗುರುತಿಸುವುದಿಲ್ಲ. ಆದರೆ ಇಂಟೆಲ್‌ನ ಮೆಟಾಡೇಟಾವನ್ನು (ಡಿಸ್ಕ್ ಕೊನೆಯಲ್ಲಿರುವ ಅರೇ ಮಾಹಿತಿ) ಎಂಡಿಅಡ್ಮ್ ಓದಬಲ್ಲದು, ಕಷ್ಟಕಾಲಕ್ಕೆ ನೆನಪಿರಲಿ.

*

ಮೇಲಿನವರು ಹೇಳಿದ್ದು ಸರಿ, ಆದರೆ ವಿಂಡೋಸ್ ಡ್ರೈವನ್ನೇ ಮಿರರ್ ಮಾಡಬೇಕೆಂದರೆ ಬೋರ್ಡ್ ರೈಡೇ ಸುಲಭ. ಸುಮ್ನೆ ಬೈಯುವುದು ಬೇಡ. ಡಿಸ್ಕ್ ಕೈಕೊಟ್ಟರೆ ಎಚ್ಚರಿಸುವಂತೆ ನೋಟಿಫಿಕೇಶನ್ ಹಾಕಿಡಿ. ಅದಿಲ್ಲದಿದ್ದರೆ ಒಂದು ಡಿಸ್ಕ್ ಸತ್ತದ್ದು ಎರಡನೆಯದು ಸಾಯುವಾಗಲೇ ಗೊತ್ತಾಗುತ್ತದೆ.

*

ಪ್ರಶ್ನೆ ಕೇಳಿದವನು ನಾನೇ. ಮೋಡ್ ಬದಲಿಸಿದೆ, ಅರೇ ಬಂತು, ಸ್ಟೇಟಸ್ ನಾರ್ಮಲ್. ಆದರೆ ಮಧ್ಯೆ ಒಮ್ಮೆ ವಿಂಡೋಸ್ ಬೂಟ್ ಆಗಿತ್ತು. ವೆರಿಫೈ ಅಂಡ್ ರಿಪೇರ್ (ಎರಡು ಪ್ರತಿ ಹೋಲಿಸಿ ಒಂದೇ ಮಾಡುವುದು) ಕೊಡಲಾ?

*

ಮೊದಲು ಬೇಕಾದ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ತೆರೆದು ನೋಡಿ. ಎರಡು ಪ್ರತಿ ಬೇರೆ ಇದ್ದರೆ ಯಾವುದು ಸರಿ ಅಂತ ರಿಪೇರ್‌ಗೆ ಗೊತ್ತಿರುವುದಿಲ್ಲ. ಕಾಪಿ ಮುಗಿದ ಮೇಲೆ ರಾತ್ರಿ ವೆರಿಫೈ ಹಾಕಿ ಮಲಗಿ.