ಖಾರದ ಚೈನೀಸ್ ಸೌತೆಕಾಯಿ ಸಲಾಡ್: ನೀರಾಗದ ಹಾಗೆ ಮಾಡೋದು ಹೇಗೆ?

ಚಿಕ್ಕಬಳ್ಳಾಪುರದಿಂದ ಪ್ರಶ್ನೆ

ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ಚೈನೀಸ್ ಸೌತೆಕಾಯಿ ಸಲಾಡ್ ತಿಂದೆ. ಖಾರ, ಹುಳಿ, ಬೆಳ್ಳುಳ್ಳಿ ಎಲ್ಲ ಹೋಳಿಗೆ ಚೆನ್ನಾಗಿ ಹತ್ತಿಕೊಂಡಿತ್ತು. ಮನೆಯಲ್ಲಿ ಎರಡು ಸಲ ಮಾಡಿದೆ. ಹತ್ತೇ ನಿಮಿಷಕ್ಕೆ ಬಟ್ಟಲು ತುಂಬ ನೀರು, ಹೋಳು ಸಪ್ಪೆ. ಭಾನುವಾರ ಅಣ್ಣ ಅತ್ತಿಗೆ ಊಟಕ್ಕೆ ಬರುತ್ತಾರೆ. ಮಾಡಿ ರೂಢಿ ಇರುವವರು ದಯವಿಟ್ಟು ಹೇಳಿ.

ಚಿಂತಾಮಣಿಯಿಂದ

ನನಗೂ ಮೊದಲು ಹೀಗೇ ಆಗುತ್ತಿತ್ತು. ಕೋಸಂಬರಿ ಮಾಡಿದ ಅಭ್ಯಾಸಕ್ಕೆ ಉಪ್ಪನ್ನು ಕೊನೆಗೆ ಹಾಕುತ್ತೇವೆ, ಅಲ್ವಾ? ಇದಕ್ಕೆ ಉಲ್ಟಾ, ಉಪ್ಪು ಮೊದಲು. ಸೌತೆಕಾಯಿ ಹೇಗಿದ್ದರೂ ನೀರು ಬಿಡುತ್ತದೆ. ಅದನ್ನು ಮೊದಲೇ ಬಿಡಿಸಿ ಚೆಲ್ಲಿಬಿಡಬೇಕು.

ಚಾಕುವಿನಲ್ಲಿ ಬಿಲ್ಲೆ ಮಾಡಲೂಬೇಡಿ. ಚೀನಾದಲ್ಲಿ ಇದಕ್ಕೆ ‘ಪಾಯ್ ಹ್ವಾಂಗ್‌ಗ್ವಾ’ ಅನ್ನುತ್ತಾರೆ. ‘ಪಾಯ್’ ಅಂದರೆ ಬಡಿಯೋದು. ಅವರು ಅಗಲವಾದ ಕತ್ತಿಯನ್ನು ಅಡ್ಡ ಹಿಡಿದು ಬಡಿಯುತ್ತಾರೆ. ನನಗೆ ಲಟ್ಟಣಿಗೆಯೇ ಸಾಕು. ಕಾಯಿ ಉದ್ದಕ್ಕೆ ಸೀಳುವಷ್ಟು ಬಡಿದು, ಕೈಯಲ್ಲೇ ಮುರಿದು ಹೋಳು ಮಾಡುತ್ತೇನೆ. ನುಣ್ಣಗೆ ಹೆಚ್ಚಿದ ಹೋಳಿನ ಮೇಲೆ ಮಸಾಲೆ ಜಾರುತ್ತದೆ. ಜಜ್ಜಿದ ಹೋಳಿನ ತರಿತರಿ ಅಂಚಿನಲ್ಲಿ ಅದು ಕೂತುಕೊಳ್ಳುತ್ತದೆ. ನೀವು ಹೋಟೆಲ್‌ನಲ್ಲಿ ತಿಂದದ್ದು ಇದೇ.

ಎರಡು ಕಾಯಿಗೆ ಮುಕ್ಕಾಲು ಚಮಚ ಉಪ್ಪು ಹಚ್ಚಿ, ಜರಡಿ ಬಟ್ಟಲಿನಲ್ಲಿ 20 ನಿಮಿಷ ಬಿಡಿ. ಸುಮ್ನೆ ಹಿಂಡಬೇಡಿ, ಮೆತ್ತಗಾಗುತ್ತದೆ. ಒದರಿದರೆ ಸಾಕು. ಆಮೇಲೆ ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಲೈಟ್ ಸೋಯಾ ಸಾಸ್ ಒಂದು ದೊಡ್ಡ ಚಮಚ, ವಿನೆಗರೂ ಅಷ್ಟೇ ಅಳತೆ, ಸಕ್ಕರೆ ಒಂದು ಸಣ್ಣ ಚಮಚ. ಸೋಯಾದಲ್ಲೇ ಉಪ್ಪು ಜಾಸ್ತಿ ಇರುತ್ತದೆ, ಮತ್ತೆ ಉಪ್ಪು ಬೇಡ. ಬಡಿಸುವ ಹೊತ್ತಿಗೇ ಕಲಸಿ.

ಕೋಲಾರದಿಂದ

ಕಾಯಿ ಯಾವುದು ತಂದಿರಿ? ಬಲಿತ ನಾಟಿ ಕಾಯಿಯಾದರೆ ಒಳಗೆಲ್ಲ ಬೀಜ, ನೀರು. ಪಾಲಿಹೌಸ್‌ನಲ್ಲಿ ಬೆಳೆದ ತೆಳು ಸಿಪ್ಪೆಯ ಎಳೆಕಾಯಿ ತನ್ನಿ. ನಾಟಿ ಕಾಯಿಯೇ ಇದ್ದರೆ ಬೀಜದ ತಿರುಳನ್ನು ಚಮಚದಲ್ಲಿ ತೆಗೆಯಿರಿ. ತೊಟ್ಟಿನ ಕಡೆ ಒಂದು ಚೂರು ತಿಂದು ನೋಡಿ. ಕಹಿ ಇದ್ದರೆ ಮೊದಲು ಅಲ್ಲೇ ಗೊತ್ತಾಗುತ್ತದೆ.

ತುಮಕೂರಿನಿಂದ

ಖಾರದ ಎಣ್ಣೆ ಬಗ್ಗೆ ಯಾರೂ ಹೇಳಲಿಲ್ಲ, ನನ್ನ ಪ್ರಕಾರ ರುಚಿಯೆಲ್ಲ ಅದರಲ್ಲೇ ಇದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡನ್ನೂ ತರಿತರಿಯಾಗಿ ಕುಟ್ಟಿ ಗಾಜಿನ ಬಟ್ಟಲಲ್ಲ, ಸ್ಟೀಲ್ ಬಟ್ಟಲಿಗೆ ಹಾಕಿ. ಕಡಲೆಕಾಯಿ ಎಣ್ಣೆ ಕಾಯಿಸಿ, ಒಲೆ ಆರಿಸಿ, ಎರಡು ನಿಮಿಷ ಬಿಡಿ. ಒಂದು ಚೂರು ಮೆಣಸಿನಕಾಯಿ ಹಾಕಿ ನೋಡಿ. ನೊರೆ ಬರಬೇಕು, ಕಪ್ಪಾಗಬಾರದು. ಆಗ ಎಣ್ಣೆಯನ್ನು ಬಟ್ಟಲಿನ ಮೆಣಸಿನಕಾಯಿ ಮೇಲೆ ಸುರಿಯಿರಿ. ನನ್ನದು ಮೊದಲ ಸಲ ಕಪ್ಪಾಗಿ ಪೂರ್ತಿ ಕಹಿಯಾಯಿತು. ಅವಸರ ಮಾಡಿದ್ದಕ್ಕೆ ಅಷ್ಟೂ ಎಣ್ಣೆ ಚೆಲ್ಲಬೇಕಾಯಿತು.

ಈ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಹಾಕಿ ಹೊರಗೆ ಇಟ್ಟುಕೊಳ್ಳಬೇಡಿ. ಅದರಲ್ಲಿ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ಬೆಳ್ಳುಳ್ಳಿ ಆಗಿಂದಾಗ ಹಾಕಿ.

ಚೀನಾದವರು ಇದಕ್ಕೆ ಎಳ್ಳೆಣ್ಣೆಯನ್ನೂ ಹಾಕುತ್ತಾರೆ. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಘಮ ಬರುವುದಿಲ್ಲ. ಅವರದು ಎಳ್ಳು ಹುರಿದು ತೆಗೆದ ಎಣ್ಣೆ. ಸಿಗದಿದ್ದರೆ ಎಳ್ಳು ಹುರಿದು ಪುಡಿ ಮಾಡಿ ಉದುರಿಸಿ. ಅಕ್ಕಿಯಿಂದ ಮಾಡುವ ಅವರ ಕಪ್ಪು ವಿನೆಗರ್ ಬದಲು ನಾನು ಬಿಳಿ ವಿನೆಗರ್‌ಗೆ ಸ್ವಲ್ಪ ಹುಣಸೆರಸ, ಚೂರು ಬೆಲ್ಲ ಸೇರಿಸುತ್ತೇನೆ. ಅದೇ ರುಚಿ ಅಲ್ಲ, ಆದರೂ ಚೆನ್ನಾಗಿರುತ್ತದೆ. ನಾಲಿಗೆ ಜುಮ್ ಅನ್ನಬೇಕಾದರೆ ಸಿಚುವಾನ್ ಕಾಳು ಅನ್ನೋ ಚೀನಾದ ಮಸಾಲೆ ಬೇಕು. ಮಲೆನಾಡಿನ ನೆಂಟರಿದ್ದರೆ ಜುಮ್ಮನಕಾಯಿ ಕೇಳಿ, ಅದೂ ಅದೇ ಬಳಗದ್ದು. ಬೀಜ ತೆಗೆದು ಸಿಪ್ಪೆ ಮಾತ್ರ ಪುಡಿ ಮಾಡಿ.

ಚಿಕ್ಕಬಳ್ಳಾಪುರದಿಂದ, ಭಾನುವಾರ ರಾತ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಳೆಕಾಯಿ ತಂದು, ಜಜ್ಜಿ, ಉಪ್ಪು ಹಚ್ಚಿ ಇಟ್ಟೆ. ಅರ್ಧ ಲೋಟ ನೀರು ಇಳಿಯಿತು! ಅಷ್ಟೂ ಮೊದಲು ಬಟ್ಟಲಿನಲ್ಲೇ ಇರುತ್ತಿತ್ತು. ಹೋಳು ಕರುಕರು ಅಂತಿತ್ತು. ತಳದಲ್ಲಿ ಉಳಿದ ಖಾರದ ರಸಕ್ಕೆ ಅತ್ತಿಗೆ ಬಿಸಿ ಅನ್ನ ಕಲಸಿಕೊಂಡರು. ಜುಮ್ಮನಕಾಯಿಗೆ ಶಿವಮೊಗ್ಗದ ಚಿಕ್ಕಮ್ಮನಿಗೆ ಹೇಳಿದ್ದೇನೆ.