ದಿನಾ ಸೋಲ್ತಾನೇ ಇದೀನಿ, ಇಂಪ್ರೂವ್ ಆಗ್ತಿದೀನಾ ಇಲ್ವಾ ಅಂತ ಗೊತ್ತಾಗೋದು ಹೇಗೆ? (ವ್ಯಾಲರಂಟ್, ಸಿಲ್ವರ್ 2)

ಸಿಲ್ವರ್_ಸೆರೆಯಾಳು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೈಕೋಬೇಡಿ. ವ್ಯಾಲರಂಟ್ (ಐದೈದು ಜನರ ಎರಡು ಟೀಮ್ ಆಡೋ ಆನ್‌ಲೈನ್ ಗನ್ ಗೇಮ್) ಆಡೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು. ರ‍್ಯಾಂಕಲ್ಲಿ ಗೋಲ್ಡ್ 1 ಮುಟ್ಟಿದ್ದೆ, ಈಗ ಮತ್ತೆ ಸಿಲ್ವರ್ 2ಗೆ ಬಂದು ಬಿದ್ದಿದೀನಿ. ಈ ತಿಂಗಳು 60 ಕಾಂಪಿಟಿಟಿವ್ ಮ್ಯಾಚ್ ಆಡಿದ್ರಲ್ಲಿ ಗೆದ್ದಿದ್ದು 25. ಮೊನ್ನೆ ಸತತ 6 ಸೋತೆ, ಆಮೇಲೆ ನಿದ್ದೆನೇ ಬರ್ಲಿಲ್ಲ ನಿಜ ಹೇಳ್ಬೇಕಂದ್ರೆ.

ಪ್ರಾಕ್ಟೀಸ್ ಮಾಡಲ್ಲ ಅಂತ ಅಲ್ಲ, ದಿನಾ ಅರ್ಧ ಗಂಟೆ ರೇಂಜಲ್ಲಿ (ಪ್ರಾಕ್ಟೀಸ್ ಜಾಗ) ಬಾಟ್ (ಕಂಪ್ಯೂಟರ್ ಗೊಂಬೆ) ಹೊಡೀತೀನಿ, ಎರಡು ಡೆತ್‌ಮ್ಯಾಚ್ (ಟೀಮಿಲ್ದೆ ಎಲ್ರೂ ಎಲ್ರನ್ನೂ ಹೊಡೆಯೋ ಆಟ) ಆಡ್ತೀನಿ, ಆಮೇಲೇ ಮ್ಯಾಚಿಗೆ ಕ್ಯೂ ಹಾಕೋದು. ಆಡೋ ಕ್ಯಾರೆಕ್ಟರ್ ಜಾಸ್ತಿ ಜೆಟ್, ಇಲ್ಲಾಂದ್ರೆ ರೇನಾ. ಕಿಲ್ಸ್ ಬರುತ್ತೆ, ಎಷ್ಟೋ ಸಲ ಸ್ಕೋರ್‌ಬೋರ್ಡಲ್ಲಿ ಟಾಪಲ್ಲಿ ನಾನೇ ಇರ್ತೀನಿ, ಆದ್ರೂ ರೌಂಡ್ ಲೆಕ್ಕದಲ್ಲಿ 13-8, 13-9 ಹಿಂಗೇ ಸೋಲ್ತೀವಿ. ಟೀಮಲ್ಲಿ ಒಬ್ಬ ಮೈಕ್ ಆನ್ ಮಾಡಲ್ಲ, ಒಬ್ಬ ಮಾಡಿದ್ರೆ ಬೈಯೋಕೇ ಮಾಡ್ತಾನೆ, ಇನ್ನೊಬ್ಬ ಅರ್ಧಕ್ಕೇ ಬಿಟ್ಟು ಹೋಗ್ತಾನೆ. ಒಬ್ನೇ ಕ್ಯೂ ಹಾಕೋನು ಇದ್ರಲ್ಲಿ ಏನ್ ಮಾಡ್ಬೋದು? ನಿಜವಾಗ್ಲೂ ಕಲೀತಿದೀನಾ ಇಲ್ಲ ಸುಮ್ನೆ ಟೈಮ್ ಹಾಳು ಮಾಡ್ತಿದೀನಾ ಅಂತ ತಿಳ್ಕೊಳ್ಳೋಕೆ ಏನಾದ್ರೂ ದಾರಿ ಇದ್ಯಾ?

ಲೆಕ್ಕದ_ಮಾಮ:

ಮೊದಲು ಲೆಕ್ಕ ನೋಡಪ್ಪ, ಆಮೇಲೆ ಅಳು. ನಾಣ್ಯನ 60 ಸಲ ಚಿಮ್ಮಿದ್ರೆ 25 ಅಥವಾ ಅದಕ್ಕಿಂತ ಕಮ್ಮಿ ಸಲ ತಲೆ ಬೀಳೋದು ಹತ್ತಿರ ಹತ್ತಿರ ಎಂಟರಲ್ಲಿ ಒಂದು ಸಲ ಆಗೋ ವಿಷಯ. ಅಂದ್ರೆ ನಿನ್ನ ರ‍್ಯಾಂಕಿಗೆ ಸರಿಯಾಗಿರೋ, ಅರ್ಧಕ್ಕರ್ಧ ಗೆಲ್ಲೋ ಪ್ಲೇಯರ್‌ಗೂ ಇಂಥ ತಿಂಗಳು ಬಂದೇ ಬರುತ್ತೆ. ಸತತ 6 ಸೋಲೂ ಅಷ್ಟೇ, 100 ಮ್ಯಾಚಲ್ಲಿ ಎಲ್ಲೋ ಒಂದು ಕಡೆ ಅದು ಬರೋ ಚಾನ್ಸ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿನೇ ಇದೆ. ಅದನ್ನ ನೋಡಿ ನಿದ್ದೆ ಬಿಟ್ರೆ ವರ್ಷಪೂರ್ತಿ ಎದ್ದೇ ಇರ್ಬೇಕಾಗುತ್ತೆ.

ಇನ್ನು ಟೀಮ್‌ಮೇಟ್ಸ್ ವಿಷಯ. ಹತ್ತರಲ್ಲಿ ಒಬ್ಬ ಕೆಲಸಕ್ಕೆ ಬಾರದೋನು ಅಂತ ಸುಮ್ನೆ ಅನ್ಕೋ. ನಿನ್ನ ಕಡೆ ನಿನ್ನ ಬಿಟ್ರೆ 4 ಜನ, ಹಂಗಾಗಿ ಅಂಥೋನು ಒಬ್ನಾದ್ರೂ ಇರೋ ಚಾನ್ಸ್ 34%. ಆ ಕಡೆ 5 ಜನ, ಅಲ್ಲಿ 41%. ನೀನು ನೆಟ್ಟಗೆ ಆಡ್ತೀಯ ಅಂದ್ರೆ ಆ ಲಾಟರಿ ನಿನ್ನ ಪರವಾಗೇ ಇದೆ, ವಿರುದ್ಧ ಅಲ್ಲ. ಆದ್ರೆ ಬಿಟ್ಟೋದವರು, ಬೈದವರು ನಿನ್ನ ಟೀಮಲ್ಲಿದ್ರೆ ಮಾತ್ರ ನೆನಪಲ್ಲಿ ಉಳೀತಾರೆ, ಎದುರು ಟೀಮಲ್ಲಿ ಒಬ್ಬ ಬಿಟ್ಟು ಹೋಗಿ ನೀನು 13-3 ಗೆದ್ದಿದ್ದು ಒಂದೂ ನೆನಪಿರಲ್ಲ.

ಇನ್ನೊಂದು, 55% ಗೆದ್ರೂ ಸಾಕು ಮೇಲೆ ಹೋಗ್ತೀಯ. 100 ಮ್ಯಾಚಿಗೆ 55 ಗೆಲುವು 45 ಸೋಲು, ಉಳಿದಿದ್ದು 10 ಗೆಲುವು, ಒಂದಕ್ಕೆ 20 ಪಾಯಿಂಟ್ ಅಂದ್ರೂ 200, ಅಂದ್ರೆ ಮೆಟ್ಲಿಗೆ 100ರಂತೆ ರ‍್ಯಾಂಕಲ್ಲಿ ಎರಡು ಮೆಟ್ಲು. ಅಷ್ಟು ಚೆನ್ನಾಗಿ ಆಡೋನೂ 45 ಸಲ ಸೋತಿರ್ತಾನೆ ನೋಡು.

ಸ್ಮೋಕ್_ಹಾಕೋನು:

ಮಾಮನ ಲೆಕ್ಕ ಸರಿ ಇದೆ ಆದ್ರೆ ಅದು ಸಮಾಧಾನಕ್ಕೆ ಮಾತ್ರ, ಆಟ ಸರಿ ಹೋಗಲ್ಲ ಅದ್ರಿಂದ. ನಾನೂ ಸಿಲ್ವರಲ್ಲೇ ಏಳೆಂಟು ತಿಂಗಳು ಕೊಳೆತೋನು, ಈಗ ಪ್ಲಾಟಿನಂ, ಹಂಗಾಗಿ ಸ್ವಲ್ಪ ಹೇಳ್ತೀನಿ.

ಗುರು, ನೀನು ಪೂರ್ತಿ ಪೋಸ್ಟಲ್ಲಿ ಎಷ್ಟು ಕಿಲ್ಸ್ ತಗೊಂಡೆ ಅಂತ ಹೇಳ್ದೆ, ಹೆಂಗ್ ಸತ್ತೆ ಅಂತ ಒಂದು ಕಡೆನೂ ಬರೆದಿಲ್ಲ. ಕೊನೇ ಮೂರು ಸೋತ ಮ್ಯಾಚ್ ರೆಕಾರ್ಡಿಂಗ್ ಇದ್ರೆ ಕೂತ್ಕೊಂಡು ನೋಡು, ಕಿಲ್ಸ್ ಎಲ್ಲಾ ಓಡ್ಸು, ನಿನ್ನ ಸಾವು ಮಾತ್ರ ನೋಡು. ಪ್ರತಿ ಸಾವಿಗೂ ಒಂದೇ ಪ್ರಶ್ನೆ: ನಾನು ಸತ್ತಾಗ ಆ ಎನಿಮಿನ ತಕ್ಷಣ ಹೊಡೆಯೋಕೆ ನಮ್ಮೋನು ಯಾರಾದ್ರೂ ಹತ್ತಿರ ಇದ್ನಾ? ಟ್ರೇಡ್ ಅಂತಾರಲ್ಲ ಅದೇ. ನೀನು ಸತ್ತು ಅವನೂ ಸತ್ರೆ 4-4, ಆಟ ಇನ್ನೂ ಇದೆ. ನೀನು ಒಬ್ನೇ ಎಲ್ಲೋ ಹೋಗಿ ಸತ್ರೆ 4-5, ಉಳಿದ ರೌಂಡ್ ಪೂರ್ತಿ ಆ ನಾಲ್ಕು ಜನ ನಿನ್ನ ಸಾಲ ತೀರಿಸ್ತಿರ್ತಾರೆ. ಎರಡು ಕಿಲ್ ತಗೊಂಡ ರೌಂಡಲ್ಲೂ ಮೊದಲ ಸಾವು ನಿಂದೇ ಆಗಿ ಸೋತಿರೋದು ಎಷ್ಟಿದೆ ಎಣಿಸು. ಜೆಟ್ ಆಡೋನು ಮೊದಲು ನುಗ್ಗೋದು ತಪ್ಪಲ್ಲ, ಅದು ಅವನ ಕೆಲಸನೇ, ಆದ್ರೆ ಹಿಂದೆ ಯಾರೂ ಬರ್ತಿಲ್ಲ ಅಂತ ಮ್ಯಾಪಲ್ಲಿ ಕಾಣ್ತಿದ್ರೂ ನುಗ್ಗೋದು ಬೇರೆ ವಿಷಯ.

ಆಮೇಲೆ ದುಡ್ಡು, ಅಂದ್ರೆ ಗನ್, ಶೀಲ್ಡ್ ತಗೊಳ್ಳೋಕೆ ಆಟದಲ್ಲಿ ರೌಂಡ್ ರೌಂಡಿಗೂ ಸಿಗೋದು. ಸಿಲ್ವರಲ್ಲಿ ಯಾರೂ ಇದನ್ನ ನೋಡಲ್ಲ. ಪಿಸ್ತೂಲ್ ರೌಂಡ್ (ಮೊದಲನೇ ರೌಂಡ್) ಸೋತ್ರೆ 1900 ಬರುತ್ತೆ, ಅದ್ರ ಮುಂದಿಂದೂ ಸೋತ್ರೆ 2400, ಆಮೇಲೆ ಸೋತಾಗೆಲ್ಲ 2900. ವ್ಯಾಂಡಲ್ ಗನ್ 2900, ದೊಡ್ಡ ಶೀಲ್ಡ್ 1000, ಒಟ್ಟು 3900. ಈಗ ಎರಡನೇ ರೌಂಡಲ್ಲಿ ಏನೂ ತಗೊಳ್ದೆ ಸುಮ್ನಿದ್ರೆ ಮೂರನೇ ರೌಂಡಿಗೆ 1900 ಪ್ಲಸ್ 2400, 4300 ಕೈಲಿರುತ್ತೆ, ಆರಾಮಾಗಿ ಎರಡೂ ಬರುತ್ತೆ. ಅದೇ ಎರಡನೇ ರೌಂಡಲ್ಲಿ ಟೀಮ್ ಎಲ್ಲಾ ಉಳಿಸ್ತಿದ್ರೆ ನೀನು ಒಬ್ನೇ 1600 ಕೊಟ್ಟು ಸ್ಪೆಕ್ಟರ್ ಗನ್ ತಗೊಂಡು ಸತ್ತೆ ಅನ್ಕೋ, ಮೂರನೇ ರೌಂಡಲ್ಲಿ ನಾಲ್ಕು ವ್ಯಾಂಡಲ್ ಮಧ್ಯೆ ನಿನ್ನ ಕೈಲಿ ಏನಿರುತ್ತೆ? ಟೀಮಲ್ಲಿ ಬೇರೆಯವ್ರಿಗೆ ಕೈ ಒಡ್ತೀಯ, ಅವ್ರೂ ಬಡವರಾಗ್ತಾರೆ.

ಏಮ್ ಚೆನ್ನಾಗಿದೆ ಅಂತೀಯ, ನಂಬ್ತೀನಿ. ಅದನ್ನ ಇನ್ನೂ ಅರ್ಧ ಗಂಟೆ ಜಾಸ್ತಿ ಮಾಡಿದ್ರೆ ಏನೂ ಆಗಲ್ಲ, ನಿನ್ನ ತೂತು ಬೇರೆ ಕಡೆ ಇದೆ.

ಮಿಡ್‌ಲೇನ್_ಮುನಿಯ:

ನಾನು ಡೋಟಾ ಆಡೋನು, ನಿಮ್ಮ ಗನ್ ಗಿನ್ ಗೊತ್ತಿಲ್ಲ. ಆದ್ರೆ ರೋಗ ಒಂದೇ. ಎರಡು ಮ್ಯಾಚ್ ಸತತ ಸೋತ್ರೆ ಅವತ್ತಿಗೆ ರ‍್ಯಾಂಕ್ಡ್ ಬಂದ್, ಇದು ನಂದು ರೂಲ್. ಮೂರನೇದು ಆಡೋದು ಕಲಿಯೋಕಲ್ಲ, ಕಳ್ಕೊಂಡಿದ್ದನ್ನ ವಾಪಸ್ ಕಿತ್ಕೊಳ್ಳೋಕೆ, ಆಗ ಆಡೋದು ನಾನಲ್ಲ ನನ್ನ ಸಿಟ್ಟು. ನಿನ್ನ 6 ಸೋಲಲ್ಲಿ ಕೊನೇ ಮೂರು ಖಂಡಿತ ಆ ಥರದ್ದೇ ಇರುತ್ತೆ, ಬೇಕಾದ್ರೆ ಬೆಟ್ ಕಟ್ತೀನಿ.

ಬೈಯೋನನ್ನ ಮೊದಲನೇ ಮಾತಿಗೇ ಮ್ಯೂಟ್ ಮಾಡು, ಉತ್ತರ ಕೊಡ್ಬೇಡ. ಅವನಿಗೆ ಉತ್ತರ ಟೈಪ್ ಮಾಡ್ತಾ ಇರೋವಾಗ ಸತ್ತಿರೋದು ನಾನೇ ಎಷ್ಟು ಸಲನೋ.

ಹೆಡ್‌ಶಾಟ್_ಹನುಮ:

ಸ್ಮೋಕ್ ಅಣ್ಣ ಏಮ್ ಬೇಡ ಅನ್ನೋ ಥರ ಹೇಳೋದು ನಂಗೆ ಒಪ್ಪಿಗೆ ಇಲ್ಲ. ಸಿಲ್ವರಲ್ಲಿ ತಲೆ ಮಟ್ಟಕ್ಕೆ ಕ್ರಾಸ್‌ಹೇರ್ (ಗುರಿ ತೋರಿಸೋ ಗುರುತು) ಇಟ್ಕೊಂಡು ನಡೆಯೋದು ಗೊತ್ತಿದ್ರೆ ಅರ್ಧ ಮ್ಯಾಚ್ ಹಂಗೇ ಗೆಲ್ಬೋದು. ವ್ಯಾಂಡಲ್ ತಲೆಗೆ ಬಿದ್ರೆ 160 ಡ್ಯಾಮೇಜ್, ಎಷ್ಟು ದೂರದಿಂದ ಆದ್ರೂ. ಎದುರಿನೋನು ಫುಲ್ ಶೀಲ್ಡ್ ಹಾಕಿದ್ರೂ ಶೀಲ್ಡ್ ಸೇರಿ ಜೀವ 150 ತಾನೇ, ಒಂದೇ ಗುಂಡು. ಮೈಗೆ ಬಿದ್ರೆ 40, ನಾಲ್ಕು ಬೇಕು. ರೇಂಜಲ್ಲಿ ನಿಂತಿರೋ ಬಾಟ್ ಹೊಡೆಯೋದು ಬಿಟ್ಟು ಖಾಲಿ ಮ್ಯಾಪಲ್ಲಿ ಸುಮ್ನೆ ಓಡಾಡು, ಪ್ರತಿ ಮೂಲೆಗೂ ತಲೆ ಎಲ್ಲಿ ಬರುತ್ತೋ ಅಲ್ಲಿಗೆ ಕ್ರಾಸ್‌ಹೇರ್ ಮೊದಲೇ ಇಡೋದನ್ನ ಅಭ್ಯಾಸ ಮಾಡು. ಬೋರು ಅನ್ಸುತ್ತೆ, ಮಾಡು. ಆಮೇಲೆ ನಿಂತು ಹೊಡಿ, ಓಡ್ತಾ ಹೊಡೆದ್ರೆ ಗುಂಡು ಊರು ಸುತ್ತೋಕೆ ಹೋಗುತ್ತೆ.

ಸಿಲ್ವರ್_ಸೆರೆಯಾಳು:

ನಾಲ್ಕು ದಿನ ಆಯ್ತು, ರಿಪೋರ್ಟ್ ತಂದಿದೀನಿ, ಸ್ವಲ್ಪ ನಾಚಿಕೆನೂ ಆಗ್ತಿದೆ.

ಮೂರು ಸೋತ ಮ್ಯಾಚ್ ನೋಡ್ದೆ. ಒಟ್ಟು 49 ಸಲ ಸತ್ತಿದೀನಿ. ಅದ್ರಲ್ಲಿ 22 ಸಲ ಹತ್ತಿರ ನಮ್ಮೋರು ಯಾರೂ ಇಲ್ಲ, ಟ್ರೇಡ್ ಆಗೋ ಮಾತೇ ಇಲ್ಲ. ಇನ್ನೊಂದು ವಿಚಿತ್ರ ಕಾಣ್ತು, 9 ಸಲ ನಾವು ಸ್ಪೈಕ್ (ಬಾಂಬ್) ಪ್ಲಾಂಟ್ ಮಾಡಿ ಆದ್ಮೇಲೆ ನಾನು ಸೈಟ್ (ಅದನ್ನ ಇಡೋ ಜಾಗ) ಬಿಟ್ಟು ಎನಿಮಿ ಹುಡ್ಕೊಂಡು ಹೋಗಿ ಸತ್ತಿದೀನಿ. ಯಾಕ್ ಹೋದೆ ಅಂತ ನಂಗೇ ಗೊತ್ತಿಲ್ಲ, ಕಿಲ್ ಆಸೆ ಇರ್ಬೇಕು. ಮೈಕ್ ಇಲ್ದೋನು ಅಂತ ಬೈದಿದ್ನಲ್ಲ, ಆ ಮ್ಯಾಚಲ್ಲಿ ಅವನು ಪಾಪ ಮೂರು ಸಲ ಪಿಂಗ್ ಮಾಡಿದಾನೆ (ಮ್ಯಾಪಲ್ಲಿ ಗುರುತು ಹಾಕಿ ತೋರ್ಸಿದಾನೆ), ನಾನೇ ನೋಡಿಲ್ಲ. ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದಂಗೆ ಆಯ್ತು ನನ್ನ ಕಥೆ.

ಮುನಿಯ ಬ್ರೋ, ಬೆಟ್ ನೀವೇ ಗೆದ್ರಿ. ಆ 6ರಲ್ಲಿ ಕೊನೇ ಮೂರೂ ರಾತ್ರಿ ಒಂದು ಗಂಟೆ ಮೇಲೆ ಆಡಿದ್ದು.

ಸ್ಮೋಕ್_ಹಾಕೋನು:

ನಾಚ್ಕೋಬೇಡ, ನಾನು ಮೊದಲ ಸಲ ಎಣಿಸ್ದಾಗ ಇದಕ್ಕಿಂತ ಕೆಟ್ಟದಾಗಿತ್ತು. ಆ 9 ಅನ್ನೋದು ಸುಲಭವಾಗಿ ಸರಿ ಮಾಡ್ಬೋದು, ಅದ್ರಿಂದಲೇ ಶುರು ಮಾಡು. ಪ್ಲಾಂಟ್ ಆದ್ಮೇಲೆ ಸಿಡಿಯೋಕೆ 45 ಸೆಕೆಂಡ್, ಡಿಫ್ಯೂಸ್ ಮಾಡೋಕೆ 7 ಸೆಕೆಂಡ್. ಟೈಮ್ ನಿನ್ನ ಕಡೆ ಇದೆ, ಅವ್ರೇ ನಿನ್ನ ಹತ್ತಿರ ಬರ್ಬೇಕು. ನೀನು ಸ್ಪೈಕ್ ಕಾಣೋ ಒಂದು ಆಂಗಲ್ ಹಿಡ್ಕೊಂಡು ಕೂತ್ಕೋ, ಡಿಫ್ಯೂಸ್ ಸದ್ದು ಬಂದಾಗ ಮಾತ್ರ ಪೀಕ್ ಮಾಡು (ಮರೆಯಿಂದ ಇಣುಕು). ಅರ್ಧ ಡಿಫ್ಯೂಸ್ ಆದ್ರೆ ಅದು ಉಳ್ಕೊಳ್ಳುತ್ತೆ ಅನ್ನೋದು ನೆನಪಿರ್ಲಿ, ಎರಡನೇ ಸಲ ಬಂದ್ರೆ ಮೂರೂವರೆ ಸೆಕೆಂಡ್ ಸಾಕು ಅವ್ರಿಗೆ, ಹಂಗಾಗಿ ಮೊದಲನೇ ಸಲನೇ ಜಾಸ್ತಿ ಹೊತ್ತು ಬಿಡ್ಬೇಡ.

22ನ್ನ ಒಂದೇ ಸಲ ಸರಿ ಮಾಡೋಕೆ ಹೋಗ್ಬೇಡ, ತಲೆ ಕೆಡುತ್ತೆ. ಮುಂದಿನ 20 ಮ್ಯಾಚ್ ಗೆಲುವು ಸೋಲು ಬರ್ಕೋಬೇಡ, ಒಂಟಿ ಸಾವು ಎಷ್ಟು ಅಂತ ಮಾತ್ರ ಬರ್ಕೋ. ಹನುಮನಿಗೆ ಒಂದ್ ಮಾತು, ನಾನು ಏಮ್ ಬೇಡ ಅಂದಿಲ್ಲಪ್ಪ, ಖಾಲಿ ಮ್ಯಾಪಲ್ಲಿ ಓಡಾಡೋ ಐಡಿಯಾ ಚೆನ್ನಾಗಿದೆ, ನಾನೂ ಮಾಡ್ತೀನಿ ಇವತ್ತು.

ಸಿಲ್ವರ್_ಸೆರೆಯಾಳು:

ಸರಿ ಅಣ್ಣ. ನಿನ್ನೆ ಎರಡು ಆಡ್ದೆ, ಎರಡೂ ಸೋತೆ, ಒಂದು 13-11. ರೂಲ್ ಪ್ರಕಾರ ಅಲ್ಲಿಗೇ ನಿಲ್ಸಿ ಮಲಗ್ದೆ. ಒಂಟಿ ಸಾವು ಮೊದಲನೇದ್ರಲ್ಲಿ 6, ಎರಡನೇದ್ರಲ್ಲಿ 3. ಒಂದು ಡೌಟು: ಡಿಫೆನ್ಸಲ್ಲಿ ಬಿ ಸೈಟಲ್ಲಿ ನನ್ನ ಒಬ್ನನ್ನೇ ಬಿಟ್ಟು ಮಿಕ್ಕೋರೆಲ್ಲ ಎ ಕಡೆ ಹೋಗ್ತಾರಲ್ಲ, ಅಲ್ಲಿ ಸತ್ರೆ ಅದನ್ನೂ ಒಂಟಿ ಸಾವು ಅಂತಲೇ ಲೆಕ್ಕ ಹಾಕ್ಬೇಕಾ?

ಸ್ಮೋಕ್_ಹಾಕೋನು:

ಐದು ಜನ ನುಗ್ಗಿ ಬಂದಾಗ ಹಿಂದೆ ಸರಿದು ಕಾಲ್ ಕೊಟ್ಟು ಟೀಮ್ ಬರೋವರೆಗೂ ಕಾಯ್ದೆ, ಆಮೇಲೆ ಸತ್ತೆ ಅಂದ್ರೆ ಲೆಕ್ಕ ಹಾಕ್ಬೇಡ. ಸದ್ದು ಕೇಳಿದ ತಕ್ಷಣ ಹೀರೋ ಥರ ಒಬ್ನೇ ಪೀಕ್ ಮಾಡಿ ಸತ್ತೆ ಅಂದ್ರೆ ಹಾಕು. ಯಾವ್ದು ಅಂತ ನಿಂಗೇ ಗೊತ್ತಿರುತ್ತೆ.