ಗಾಳಿಯಂತ್ರದ ಮಾಡೆಲ್: ರೆಕ್ಕೆ ಕಿತ್ತು ಬರ್ತಿದೆ, ಅಕ್ರಿಲಿಕ್ ಮಂಜಾಗಿದೆ. ಯಾವ ಪ್ಲಾಸ್ಟಿಕ್‌ಗೆ ಯಾವ ಅಂಟು?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ):
ನಮಸ್ಕಾರ. ಜೋಗಿಮಟ್ಟಿ ಗುಡ್ಡದ ಮೇಲಿರೋ ಗಾಳಿಯಂತ್ರದ ಮಾಡೆಲ್, ಮೋಟಾರಿನಿಂದ ತಿರುಗೋದು. ರೆಕ್ಕೆ 1 ಮಿ.ಮೀ. ಪಾಲಿಸ್ಟೈರೀನ್ ಹಾಳೆ, ನಡುವಿನ ಹಬ್ (ರೆಕ್ಕೆ ಕೂರೋ ಗುಂಬ) ಎಬಿಎಸ್ ಪ್ಲಾಸ್ಟಿಕ್, ಟವರ್ ಒಂದೂಕಾಲು ಇಂಚಿನ ಪಿವಿಸಿ ಪೈಪ್, ತಲೆಭಾಗ ಪಿಎಲ್‌ಎ ಪ್ಲಾಸ್ಟಿಕ್‌ನ 3ಡಿ ಪ್ರಿಂಟ್, ತಳ 5 ಮಿ.ಮೀ. ಅಕ್ರಿಲಿಕ್. ಗುಡ್ಡ ಥರ್ಮೋಕೋಲ್. ಮೋಟಾರಿನ ಮುಚ್ಚಳ ತಿಂಡಿ ಡಬ್ಬದ್ದು, ತಳದಲ್ಲಿ ತ್ರಿಕೋನದೊಳಗೆ 5 ಅಂತಿದೆ. ಎಲ್ಲದಕ್ಕೂ ಫೆವಿಕ್ವಿಕ್ ಹಾಕಿದೆ. ರೆಕ್ಕೆ ತಿರುಗಿಸಿದರೆ ಬುಡದಲ್ಲಿ ಕಿತ್ತು ಬರುತ್ತೆ, ಟವರ್ ಸುತ್ತ ಅಕ್ರಿಲಿಕ್ ಬೆಳ್ಳಗಾಗಿದೆ, ಮುಚ್ಚಳದ ಅಂಟು ಸಿಪ್ಪೆ ಥರ ಎದ್ದು ಬರುತ್ತೆ, ಥರ್ಮೋಕೋಲ್ ಕರಗಿ ಗುಳಿ ಬಿದ್ದಿದೆ. ಎಲ್ಲಿಂದ ಸರಿ ಮಾಡಲಿ?

ಮಂಡಿಪೇಟೆ_ಮಾಡೆಲ್ (ದಾವಣಗೆರೆ):
ಸರ್, ನಿಮ್ಮ ಕೈಲಿ ಆರು ಥರದ ಪ್ಲಾಸ್ಟಿಕ್ ಐತೆ (ಥರ್ಮೋಕೋಲೂ ಪಾಲಿಸ್ಟೈರೀನೇ). ಒಂದೇ ಅಂಟು ಆರಕ್ಕೂ ಆಗಲ್ಲ. ಅಂಟಿನಲ್ಲಿ ಎರಡು ಜಾತಿ: ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನ ಒಂದು ಮಾಡೋದು ಒಂದು, ಮೇಲ್ಮೈಗೆ ಕಚ್ಚಿಕೊಂಡು ಕೂರೋದು ಇನ್ನೊಂದು. ಎರಡೂ ತುಂಡು ಒಂದೇ ದ್ರಾವಕಕ್ಕೆ ಕರಗೋದಾದರೆ ಮೊದಲನೇದನ್ನೇ ಹಾಕ್ರಿ. ಇಲ್ಲಾಂದ್ರೆ ಎರಡನೇದು, ಅದರ ಜೊತೆ ಸ್ಕ್ರೂ ಅಥವಾ ಪಿನ್.

ರೆಕ್ಕೆ ಮತ್ತು ಹಬ್ ಮೊದಲು ನೋಡ್ರಿ. ಪಾಲಿಸ್ಟೈರೀನ್, ಎಬಿಎಸ್ ಎರಡೂ ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್‌ಗೆ ಕರಗುತ್ತವೆ. ಟಮಿಯಾ ಎಕ್ಸ್‌ಟ್ರಾ ಥಿನ್ ಅನ್ನೋ ಮಾಡೆಲ್ ಅಂಟಿನಲ್ಲಿ ಇರೋದು ಇವೇ ಎರಡು. ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕ ಸಿಕ್ಕರೆ ಅದೂ ಆಗುತ್ತೆ. ಕಿತ್ತಳೆ ವಾಸನೆಯ ಲಿಮೊನೀನ್ ಸಿಮೆಂಟ್ ಬೇಡ, ಅದು ಪಾಲಿಸ್ಟೈರೀನ್‌ಗೆ ಚೆನ್ನ, ಎಬಿಎಸ್ ಮೇಲೆ ಹಿಡಿತ ಸಾಲದು. ಉಗುರು ಬಣ್ಣ ತೆಗೆಯೋ ದ್ರವವೂ ಬೇಡ, ಅದರಲ್ಲಿ ನೀರು, ಎಣ್ಣೆ, ಸುಗಂಧ ಸೇರಿರುತ್ತೆ.

ಹಳೇ ಫೆವಿಕ್ವಿಕ್ಕನ್ನ ಬ್ಲೇಡಿನಿಂದ ಪೂರ್ತಿ ಕೆರೆದು ತೆಗೀರಿ. ಬಣ್ಣ ಹೊಡೆದಿದ್ರೆ ಅದನ್ನೂ ತೆಗೀರಿ, ಇಲ್ಲಾಂದ್ರೆ ಅಂಟು ಬಣ್ಣಕ್ಕೆ ಹಿಡಿಯುತ್ತೆ, ಪ್ಲಾಸ್ಟಿಕ್‌ಗಲ್ಲ. ಹಬ್‌ನಲ್ಲಿ 8 ಮಿ.ಮೀ. ಆಳದ ಸೀಳು ಮಾಡಿ, ರೆಕ್ಕೆಯ ಬುಡ ಅಲುಗಾಡದಂತೆ ಕೂರಿಸ್ರಿ. ತುಂಡುಗಳನ್ನ ಮೊದಲೇ ಜೋಡಿಸಿ ಹಿಡಿದು, ಬ್ರಷ್ ತುದಿಯಿಂದ ಸಂದಿಗೆ ಒಂದು ತೊಟ್ಟು ಮುಟ್ಟಿಸಿದ್ರೆ ಸಾಕು, ದ್ರವ ತಾನೇ ಒಳಗೆ ಓಡುತ್ತೆ. ಒಂದು ನಿಮಿಷ ಒತ್ತಿ ಹಿಡೀರಿ. ಅಂಚಿನಲ್ಲಿ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಎಳೆ ಉಕ್ಕಿ ಬಂದ್ರೆ ಸರಿಯಾಗಿ ಬೆಸೆದಿದೆ ಅಂತ ಲೆಕ್ಕ. ಅದನ್ನ ಆಗ ಮುಟ್ಟಬೇಡ್ರಿ, ಒಣಗಿದ ಮೇಲೆ ಕೆರೆದು ತೆಗೀಬಹುದು. 24 ಗಂಟೆ ಆಗೋವರೆಗೂ ಮೋಟಾರ್ ಹಾಕಬೇಡ್ರಿ. ಹಾಳೆ 1 ಮಿ.ಮೀ. ಅಷ್ಟೇ ಇರೋದ್ರಿಂದ ದ್ರವ ಹೆಚ್ಚಾದ್ರೆ ರೆಕ್ಕೆ ಸೊಟ್ಟಗಾಗುತ್ತೆ.

ಇನ್ನೊಂದು ಮಾತು. ಏಪ್ರಿಲ್ ಮಧ್ಯಾಹ್ನದ ನಮ್ಮ ಕಡೆ ಬಿಸಿಲಲ್ಲಿ ಈ ದ್ರವ ಸಂದಿಗೆ ಇಳಿಯೋ ಮೊದಲೇ ಆರಿಹೋಗುತ್ತೆ. ಫ್ಯಾನ್ ಕೆಳಗೂ ಹಾಗೇ. ಬೆಳಿಗ್ಗೆ, ಫ್ಯಾನ್ ಆಫ್ ಮಾಡಿ, ಕಿಟಕಿ ತೆಗೆದಿಟ್ಟು ಮಾಡ್ರಿ. ಹತ್ತಿರದಲ್ಲಿ ಒಲೆ, ದೀಪ ಇರಬಾರದು.

ಸ್ಕೇಲ್_72:
ಮೇಲಿನದಕ್ಕೆ ಸೇರಿಸ್ತೀನಿ. ಸೂಪರ್ ಗ್ಲೂ (ಫೆವಿಕ್ವಿಕ್ ಇದೇ ಜಾತಿ) ಎಳೆತಕ್ಕೆ ಗಟ್ಟಿ, ಆದರೆ ಗಾಜಿನಂತೆ ಪೆಡಸು. ಬಾಗುವ, ನಡುಗುವ ಜಾಗದಲ್ಲಿ ಅಂಚಿನಿಂದ ಬಿರುಕು ಬಿಟ್ಟು ಕಳಚುತ್ತೆ. ರೆಕ್ಕೆ ಬುಡದಲ್ಲಿ ಆಗಿರೋದು ಇದೇ. ಬೆಸೆದ ಮೇಲೂ ಭದ್ರತೆಗೆ ಪ್ರತಿ ಬುಡಕ್ಕೂ ಅಡ್ಡಲಾಗಿ 2 ಮಿ.ಮೀ. ತೂತು ಕೊರೆದು ಸೈಕಲ್ ಸ್ಪೋಕಿನ ತುಂಡು ತೂರಿಸಿ, ಎರಡೂ ತುದಿಗೆ ಎಪಾಕ್ಸಿ (ಎರಡು ಟ್ಯೂಬಿನದು ಕಲಸಿ ಹಚ್ಚೋ ಅಂಟು) ಹಾಕಿ. ಮೂರೂ ತುಂಡು ಒಂದೇ ಉದ್ದ ಇರಲಿ, ಇಲ್ಲದಿದ್ದರೆ ತೂಕ ತಪ್ಪಿ ತಲೆಭಾಗ ನಡುಗುತ್ತೆ.

ಮುಚ್ಚಳದ 5 ಅಂದರೆ ಪಾಲಿಪ್ರೊಪಿಲೀನ್. ಒಂದು ಹನಿ ನೀರು ಬಿಟ್ಟು ನೋಡಿ, ಹರಡದೆ ಕೆಸುವಿನ ಎಲೆ ಮೇಲಿನ ಹನಿಯಂತೆ ಗುಂಡಾಗಿ ನಿಲ್ಲುತ್ತೆ. ಅಂಟೂ ಅದರ ಮೇಲೆ ಹರಡೋದಿಲ್ಲ. ಪಾಲಿಪ್ರೊಪಿಲೀನ್‌ಗೆ ಅಂತಲೇ ಬರುವ ಪ್ರೈಮರ್ ಸವರಿ ಸೂಪರ್ ಗ್ಲೂ ಹಾಕಿದರೆ ನಿಲ್ಲುತ್ತೆ ನಿಜ, ಆದರೆ ಒಂದು ಮುಚ್ಚಳಕ್ಕೆ ಅಷ್ಟು ಖರ್ಚು ಸಾರ್ಥಕವಲ್ಲ. ಎರಡು ಸಣ್ಣ ಸ್ಕ್ರೂ ಹಾಕಿ, ಇಲ್ಲವೇ ಎಬಿಎಸ್ ಡಬ್ಬಕ್ಕೆ ಬದಲಿಸಿ.

ಗುರುತಿಲ್ಲದ ತುಂಡು ಸಿಕ್ಕರೆ ನೀರಿಗೆ ಹಾಕಿ. ಪಾಲಿಪ್ರೊಪಿಲೀನ್, ಪಾಲಿಥೀನ್ ತೇಲುತ್ತವೆ. ಪಾಲಿಸ್ಟೈರೀನ್, ಎಬಿಎಸ್, ಅಕ್ರಿಲಿಕ್, ಪಿವಿಸಿ ಮುಳುಗುತ್ತವೆ. ಸನ್‌ಬೋರ್ಡ್ (ಬೋರ್ಡ್, ಮಾಡೆಲ್‌ಗೆ ಬಳಸೋ ಹಗುರ ಹಾಳೆ) ಮಾತ್ರ ಮೋಸ ಮಾಡುತ್ತೆ: ಪಿವಿಸಿಯೇ ಆದರೂ ಒಳಗೆ ಗುಳ್ಳೆ ಇರೋದ್ರಿಂದ ತೇಲುತ್ತೆ. ಸುಟ್ಟು ನೋಡೋ ಅಭ್ಯಾಸ ಬಿಡಿ, ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ.

ಜೋಗಿಮಟ್ಟಿ_ಗಾಳಿ:
ಧನ್ಯವಾದ ಸರ್. ಟವರನ್ನ ಅಕ್ರಿಲಿಕ್‌ಗೆ ಪ್ಲಂಬರ್‌ಗಳ ಪಿವಿಸಿ ಸಲ್ಯೂಷನ್‌ನಿಂದ ಅಂಟಿಸಬಹುದಾ? ಮನೇಲಿ ಒಂದು ಡಬ್ಬ ಇದೆ.

ಮಂಡಿಪೇಟೆ_ಮಾಡೆಲ್:
ಬೇಡ. ಅದು ಪೈಪಿಗೆ ಪೈಪ್ ಸೇರಿಸೋಕೆ ಇರೋದು. ಅದರ ದ್ರಾವಕ ಅಕ್ರಿಲಿಕ್ ಮೇಲೆ ಬಿದ್ರೆ ಕೂದಲೆಳೆ ಬಿರುಕು ಬರುತ್ತೆ, ಅದ್ರಲ್ಲೂ ಲೇಸರ್‌ನಲ್ಲಿ ಕತ್ತರಿಸಿದ ಅಂಚಿನಲ್ಲಿ. ಲೇಸರ್ ಶಾಖಕ್ಕೆ ಅಂಚಿನಲ್ಲಿ ಬಿಗಿತ ಉಳಿದಿರುತ್ತೆ, ದ್ರಾವಕ ತಾಗಿದ ಕೂಡಲೇ ಅದು ಬಿಚ್ಚಿಕೊಳ್ಳುತ್ತೆ.

ಹೀಗೆ ಮಾಡ್ರಿ: ಪೈಪ್ ಅಳತೆಯ ಪಿವಿಸಿ ಎಂಡ್ ಕ್ಯಾಪ್ ತಗೊಂಡು, ಅದನ್ನ ಅಕ್ರಿಲಿಕ್‌ಗೆ ಕೆಳಗಿನಿಂದ ಮೂರು ಎಂ3 ಸ್ಕ್ರೂ, ನಟ್, ವಾಷರ್ ಹಾಕಿ ಬಿಗೀರಿ. ಅಕ್ರಿಲಿಕ್‌ನ ತೂತು 3.5 ಮಿ.ಮೀ. ಇರಲಿ, ಬಿಸಿಲಿಗೆ ಹಿಗ್ಗೋಕೆ ಜಾಗ ಬೇಕು. ಕ್ಯಾಪ್ ಕೂತ ಮೇಲೆ ಪೈಪನ್ನ ಅಂಟು ಹಾಕದೇ ಒಳಗೆ ಒತ್ತಿದ್ರೆ ಸಾಕು, ಸಾಗಿಸುವಾಗ ಬಿಚ್ಚಬಹುದು. ನಟ್ ಸಡಿಲಾಗದಿರಲಿ ಅಂತ ಥ್ರೆಡ್‌ಲಾಕರ್ (ಸ್ಕ್ರೂ ಮರೆಗೆ ಹಾಕೋ ಅಂಟು) ಹಾಕಬೇಡ್ರಿ, ಅದೂ ಅಕ್ರಿಲಿಕ್, ಎಬಿಎಸ್ ಎರಡನ್ನೂ ಬಿರುಕು ಬಿಡಿಸುತ್ತೆ. ಒಳಗೆ ನೈಲಾನ್ ಬಳೆ ಇರೋ ನೈಲಾಕ್ ನಟ್ ಹಾಕ್ರಿ.

ಸ್ಕೇಲ್_72:
ತಲೆಭಾಗದ ಪಿಎಲ್‌ಎ ಮತ್ತು ಪಿವಿಸಿ ಪೈಪಿಗೆ ಎಪಾಕ್ಸಿಯೇ ಸರಿ. ಪಿಎಲ್‌ಎ ಅಸಿಟೋನ್‌ಗೆ ಸರಿಯಾಗಿ ಕರಗೋದಿಲ್ಲ, ಹಾಗಾಗಿ ರೆಕ್ಕೆಗೆ ತಂದ ದ್ರವ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಎರಡೂ ಮೇಲ್ಮೈಯನ್ನ 180 ನಂಬರ್ ಮರಳು ಕಾಗದದಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ನಿಧಾನಕ್ಕೆ ಗಟ್ಟಿಯಾಗೋ ಅರಾಲ್ಡೈಟ್ ಸ್ಟ್ಯಾಂಡರ್ಡ್‌ನ ರೆಸಿನ್, ಹಾರ್ಡನರ್ ಎರಡನ್ನೂ ಸಮ ಪ್ರಮಾಣದಲ್ಲಿ ಹಿಂಡಿ ಎರಡು ನಿಮಿಷ ಕಲಸಿ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತೆ ಅನ್ನೋದು ತಪ್ಪು, ಜಿಗುಟಾಗಿಯೇ ಉಳಿಯುತ್ತೆ. ಸೆಕೆಗೆ ಬೇಗ ಬಿಗಿಯುತ್ತೆ, ಅದಕ್ಕೆ ಬೇಕಾದಷ್ಟೇ ಕಲಸಿ. ತಲೆಭಾಗ ಪೈಪಿನ ಮೇಲೆ ಕನಿಷ್ಠ 25 ಮಿ.ಮೀ. ಇಳಿದಿರಬೇಕು.

ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಶಾಖ ಸುಲಭವಾಗಿ ಬರುತ್ತೆ. ದಾವಣಗೆರೆಗೆ ಪ್ರದರ್ಶನಕ್ಕೆ ಒಯ್ಯೋದಿದ್ದರೆ ತಲೆಭಾಗವನ್ನ ಅದಕ್ಕಿಂತ ಶಾಖ ತಡೆಯೋ ಪಿಇಟಿಜಿ ಪ್ಲಾಸ್ಟಿಕ್‌ನಲ್ಲಿ ಮತ್ತೆ ಪ್ರಿಂಟ್ ಮಾಡಿಸೋದು ಒಳ್ಳೇದು. ಮೋಟಾರಿನ ಬಿಸಿಯೂ ಅಲ್ಲೇ ಇರೋದು ತಾನೆ.

ಜೋಗಿಮಟ್ಟಿ_ಗಾಳಿ:
ಅಕ್ರಿಲಿಕ್ ಮೇಲಿನ ಮಂಜು ಹೋಗುತ್ತಾ? ಥರ್ಮೋಕೋಲ್‌ಗೆ ಏನು ಹಾಕಲಿ?

ಮಂಡಿಪೇಟೆ_ಮಾಡೆಲ್:
ಮಂಜು ಅಕ್ರಿಲಿಕ್ ಒಳಗೆ ಹೋಗಿಲ್ಲ. ಸೂಪರ್ ಗ್ಲೂ ಆವಿಯಾಗಿ ಮೇಲೆದ್ದು, ತೇವಕ್ಕೆ ಗಟ್ಟಿಯಾಗಿ ಪುಡಿಯಾಗಿ ಕೂತಿರೋದು ಅದು. ಗಾಳಿಯಾಡದ ಜಾಗದಲ್ಲಿ, ಮಳೆಗಾಲದ ತೇವದಲ್ಲಿ ಜಾಸ್ತಿ. ಮೆತ್ತನೆ ಬನಿಯನ್ ಬಟ್ಟೆಗೆ ಬ್ರಾಸೊ ಹಚ್ಚಿ ಸುತ್ತು ಸುತ್ತಾಗಿ ಉಜ್ಜಿ, ಸೋಪಿನ ನೀರಲ್ಲಿ ತೊಳೀರಿ. ಆಲ್ಕೋಹಾಲ್, ಅಸಿಟೋನ್ ತಾಗಿಸಬೇಡ್ರಿ. ಹೊಸದಾಗಿ ಸೂಪರ್ ಗ್ಲೂ ಹಾಕೋದೇ ಆದ್ರೆ ತೆಳುವಾಗಿ ಹಾಕಿ, ಅದಕ್ಕೆ ಮಾತ್ರ ಫ್ಯಾನ್ ಇರಲಿ. ಚೆಲ್ಲಿದ ಹಸಿ ಅಂಟನ್ನ ಹತ್ತಿಯಿಂದ ಒರೆಸಬೇಡ್ರಿ, ಹತ್ತಿಗೆ ತಾಗಿದ್ರೆ ಕೈ ಸುಡುವಷ್ಟು ಬಿಸಿಯಾಗುತ್ತೆ.

ಥರ್ಮೋಕೋಲ್‌ಗೆ ಫೆವಿಕಾಲ್. ಎರಡು ತುಂಡಿನ ನಡುವೆ ನೀರಿನಂಶ ಹೊರಗೆ ಹೋಗೋ ದಾರಿ ಇಲ್ಲದ್ದರಿಂದ ನಿಧಾನ, ಹಾಗಾಗಿ ಬಳಿದುಬಿಡದೆ ತೊಟ್ಟು ತೊಟ್ಟಾಗಿ ಇಟ್ಟು, ಟೂತ್‌ಪಿಕ್ ಚುಚ್ಚಿ, ಮೇಲೆ ಪುಸ್ತಕದ ಭಾರ ಹೇರಿ ಎರಡು ದಿನ ಬಿಡ್ರಿ. ಹಾಟ್ ಗ್ಲೂ ಗನ್ ತುದಿ ತಾಗಿಸಿದ್ರೆ ಮತ್ತೆ ಗುಳಿಯೇ. ಸ್ಪ್ರೇ ಬಣ್ಣವೂ ಥರ್ಮೋಕೋಲ್ ತಿನ್ನುತ್ತೆ, ಮೊದಲು ಫೆವಿಕಾಲ್‌ಗೆ ಸಮ ನೀರು ಬೆರೆಸಿ ಗುಡ್ಡದ ತುಂಬ ಎರಡು ಪದರ ಬಳಿದು ಒಣಗಿಸ್ರಿ, ಮೇಲೆ ನೀರಿನ ಅಕ್ರಿಲಿಕ್ ಬಣ್ಣ ಹೊಡೀರಿ.